ಏದೆನ್ ತೋಟದ ಸರ್ಪ ಯಾರು? ಓದುಕೂಟ ನಡೆಸುವವರಿಗೆ ಒಂದು ಮಾರ್ಗದರ್ಶಿ

ಏದೆನ್ ತೋಟದಲ್ಲಿ ಸರ್ಪದ ಮಾತು ಕೇಳಿ ಆದಾಮ ಹವ್ವರು ದೇವರು ಬೇಡವೆಂದ ಹಣ್ಣು ತಿಂದ ಕಥೆ ಇರುವುದು ಬೈಬಲಿನ ಮೊದಲ ಗ್ರಂಥವಾದ ಆದಿಕಾಂಡದ ಮೂರನೆಯ ಅಧ್ಯಾಯದಲ್ಲಿ. ಅಲ್ಲಿ ಇರುವುದು 24 ವಚನಗಳು. ಅದರಲ್ಲಿ ಸರ್ಪ ಮಾತನಾಡುವುದು ಎರಡೇ ಸಲ. ಇಷ್ಟೇ ಇಷ್ಟು ಮಾತಿನ ಮೇಲೆ ಯೆಹೂದಿ ಧರ್ಮಗುರುಗಳಾದ ರಬ್ಬಿಗಳು, ಆದಿ ಸಭೆಯ ಕ್ರೈಸ್ತ ಗುರುಗಳಾದ ಸಭಾಪಿತೃಗಳು, ಮುಸ್ಲಿಂ ವ್ಯಾಖ್ಯಾನಕಾರರು, ಈಚಿನ ವಿಶ್ವವಿದ್ಯಾಲಯಗಳ ವಿದ್ವಾಂಸರು ಎರಡು ಸಾವಿರ ವರ್ಷಗಳಿಂದ ಬರೆಯುತ್ತಲೇ ಬಂದಿದ್ದಾರೆ. ನಮ್ಮ ಕಡೆಯ ಸಂಡೇ ಸ್ಕೂಲುಗಳಲ್ಲಿ, ಮನೆಕೂಟಗಳಲ್ಲಿ ಮಾತ್ರ ಈ ಪಾಠ ಹತ್ತು ನಿಮಿಷಕ್ಕೆ ಮುಗಿಯುತ್ತದೆ. ಸರ್ಪ ಎಂದರೆ ಸೈತಾನ, ಹಣ್ಣು ಎಂದರೆ ಸೇಬು, ತಪ್ಪೆಲ್ಲ ಹವ್ವಳದು. ಈ ಮೂರರಲ್ಲಿ ಒಂದನ್ನೂ ಆ ಅಧ್ಯಾಯ ಹೇಳುವುದಿಲ್ಲ.

ಗೌರಿಬಿದನೂರಿನಲ್ಲಿ ನಾವು ಕೆಲವರು ಶನಿವಾರ ಸಂಜೆ ಸೇರಿ ಸತ್ಯವೇದ ಓದುತ್ತೇವೆ. ಈ ಅಧ್ಯಾಯವನ್ನು ಎರಡು ಸಂಜೆ ಹಿಡಿದು ಓದುವ ಕ್ರಮವೊಂದು ಅಲ್ಲಿ ರೂಢಿಗೆ ಬಂದಿದೆ. ಕೋಲಾರ, ಚಿಂತಾಮಣಿ, ತುಮಕೂರು ಕಡೆ ಇಂಥ ಕೂಟ ನಡೆಸುವವರು ಕೇಳಿದ್ದರಿಂದ ಅದನ್ನು ಇಲ್ಲಿ ಬರೆಯುತ್ತಿದ್ದೇನೆ. ಭಿನ್ನ ವ್ಯಾಖ್ಯಾನಗಳು ತಿಳಿದರೆ ನಂಬಿಕೆ ಸಡಿಲವಾಗುತ್ತದೆ ಎಂಬ ಭಯ ನನಗಿಲ್ಲ. ಇದು ದೇವರ ವಾಕ್ಯ ಎಂದು ನಂಬುವವರು ಅದು ಏನು ಹೇಳಿದೆ, ಏನು ಹೇಳಿಲ್ಲ ಎಂಬುದನ್ನು ಉಳಿದವರಿಗಿಂತ ಹೆಚ್ಚು ಜೋಪಾನವಾಗಿ ನೋಡಬೇಕು. ಈ ಬರಹದ ಉದ್ದೇಶ ಅಷ್ಟೇ.

ಒಂದು: ಯಾರು ಕುಳಿತಿದ್ದಾರೆ ನೋಡಿಕೊಳ್ಳಿ

ಕೂಟದಲ್ಲಿ ಪ್ರೊಟೆಸ್ಟೆಂಟರೂ ಕಥೋಲಿಕರೂ ಇದ್ದರೆ ಒಳ್ಳೆಯದು. ಎರಡೂ ಕನ್ನಡ ಬೈಬಲುಗಳು ಮೇಜಿನ ಮೇಲಿರಲಿ. ಕಥೋಲಿಕರ ಬೈಬಲಿನಲ್ಲಿ ಇರುವ, ಉಳಿದವರದರಲ್ಲಿ ಇಲ್ಲದ ಒಂದು ಗ್ರಂಥ ಈ ಪಾಠಕ್ಕೆ ಬೇಕಾಗುತ್ತದೆ. ಹಿಂದೂ ಅಥವಾ ಮುಸ್ಲಿಂ ಗೆಳೆಯರು ಬರುವುದಾದರೆ ಮೊದಲೇ ತಿಳಿದುಕೊಂಡಿರಿ. ಅವರ ಎದುರಿಗೆ ಮಾತು ಬದಲಾಯಿಸಬೇಕೆಂದು ಹೇಳುತ್ತಿಲ್ಲ. ಅವರು ಎದುರಿಗೆ ಇಲ್ಲದಾಗಲೂ ಆಡಬಹುದಾದ ಮಾತನ್ನೇ ಆಡಿ ಎನ್ನುತ್ತಿದ್ದೇನೆ. ಎಲ್ಲರಿಗೂ ಒಂದೊಂದು ನೋಟ್‌ಬುಕ್ ಹಾಳೆ, ಪೆನ್ನು ಕೊಡಿ. ಬೇರೆ ಸಿದ್ಧತೆ ಬೇಕಿಲ್ಲ.

ಎರಡು: ವ್ಯಾಖ್ಯಾನಕ್ಕೆ ಮುಂಚೆ ಅಧ್ಯಾಯವನ್ನು ಗಟ್ಟಿಯಾಗಿ ಓದಿಸಿ

ಮೂರನೆಯ ಅಧ್ಯಾಯದ ಮೊದಲ ವಚನದಿಂದ ಆರಂಭಿಸಬೇಡಿ. ಎರಡನೆಯ ಅಧ್ಯಾಯದ 15ನೇ ವಚನದಿಂದ ಓದಿಸಿ. ಹಣ್ಣು ತಿನ್ನಬಾರದೆಂಬ ಆಜ್ಞೆ ಬರುವುದು 2:16 ಮತ್ತು 17ರಲ್ಲಿ. ಆಗ ಆ ಸ್ತ್ರೀಯ ಸೃಷ್ಟಿಯೇ ಆಗಿಲ್ಲ. ಅವಳು ಬರುವುದು 2:22ರಲ್ಲಿ. ಇದು ಗೊತ್ತಿಲ್ಲದೆ ಸರ್ಪದ ಸಂಭಾಷಣೆ ಓದಿದರೆ ಅರ್ಧ ಕಥೆ ಕೈತಪ್ಪುತ್ತದೆ.

ನಾಟಕದ ಹಾಗೆ ಪಾತ್ರ ಹಂಚಿ. ನಿರೂಪಣೆಗೆ ಒಬ್ಬರು, ದೇವರ ಮಾತಿಗೆ ಒಬ್ಬರು, ಆದಾಮನಿಗೆ, ಹವ್ವಳಿಗೆ, ಸರ್ಪಕ್ಕೆ ಒಬ್ಬೊಬ್ಬರು. ಸರ್ಪದ ಮಾತನ್ನು ಬುಸುಗುಟ್ಟುತ್ತಾ ಕೆಟ್ಟ ದನಿಯಲ್ಲಿ ಓದಲು ಯಾರಾದರೂ ಉತ್ಸಾಹ ತೋರಿಸುತ್ತಾರೆ, ಬೇಡ ಎನ್ನಿ. ಸಾಮಾನ್ಯ ದನಿಯಲ್ಲಿ, ಏನೋ ತಿಳಿದುಕೊಳ್ಳಲು ಕೇಳುವವರ ಹಾಗೆ ಓದಲಿ. ಸರ್ಪದ ಮೊದಲ ಮಾತು ಒಂದು ಪ್ರಶ್ನೆ. ತೋಟದ ಯಾವ ಮರದ ಹಣ್ಣನ್ನೂ ತಿನ್ನಬಾರದೆಂದು ದೇವರು ಅಪ್ಪಣೆ ಕೊಟ್ಟಿರುವುದು ನಿಜವೇ ಎಂದು ಅದು ಕೇಳುತ್ತದೆ. ಆ ಪ್ರಶ್ನೆಯ ಮೊನೆ ಮೆಲ್ಲಗೆ ಓದಿದಾಗಲೇ ತಾಗುತ್ತದೆ.

ಓದು ಮುಗಿದ ಮೇಲೆ ಹಾಳೆಯ ನಡುವೆ ಗೆರೆ ಎಳೆಯಲು ಹೇಳಿ. ಎಡಗಡೆ ‘ಇಲ್ಲಿ ಬರೆದಿದೆ’, ಬಲಗಡೆ ‘ನಾನು ಕೇಳಿದ್ದೇನೆ’. ಸರ್ಪದ ಬಗ್ಗೆ ಗೊತ್ತಿರುವುದನ್ನೆಲ್ಲ ಎರಡರಲ್ಲಿ ಒಂದು ಕಡೆ ಬರೆಯಬೇಕು; ಎಡಗಡೆ ಬರೆದರೆ ವಚನದ ಸಂಖ್ಯೆ ಹಾಕಬೇಕು. ಈ ಕೆಲಸಕ್ಕೆ ಮುಕ್ಕಾಲು ಗಂಟೆ ಹಿಡಿದರೂ ಆತುರಪಡಿಸಬೇಡಿ. ಎರಡು ಸಂಜೆಗಳ ಅತ್ಯಂತ ಉಪಯುಕ್ತ ಕೆಲಸ ಇದೇ.

‘ಸೈತಾನ’ ಎಂಬ ಪದ ಎಡಗಡೆಯಿಂದ ಬಲಗಡೆಗೆ ದಾಟುವುದು ಬೇಗ ಆಗುತ್ತದೆ, ಏಕೆಂದರೆ ವಚನ ಹುಡುಕಿದರೆ ಸಿಗುವುದಿಲ್ಲ. ಆದಿಕಾಂಡದ ಐವತ್ತು ಅಧ್ಯಾಯಗಳಲ್ಲಿ ಎಲ್ಲಿಯೂ ಆ ಹೆಸರಿಲ್ಲ. ಸೇಬೂ ಹಿಂದೆಯೇ ದಾಟುತ್ತದೆ. ಎಡಗಡೆ ಉಳಿಯುವುದು ಇಷ್ಟು. ಸರ್ಪ ದೇವರೇ ಉಂಟುಮಾಡಿದ ಕಾಡುಮೃಗಗಳಲ್ಲಿ ಒಂದು (3:1). ಉಳಿದವುಗಳಿಗಿಂತ ಯುಕ್ತಿಯುಳ್ಳದ್ದು (3:1). ಅದು ಮಾತನಾಡಿದಾಗ ಸ್ತ್ರೀಗೆ ಆಶ್ಚರ್ಯವಾಯಿತೆಂದು ಬರೆದಿಲ್ಲ. ‘ತಿನ್ನು’ ಎಂದು ಅದು ಒಮ್ಮೆಯೂ ಹೇಳುವುದಿಲ್ಲ. ಇದನ್ನು ಕೂಟದವರೇ ಕಂಡುಹಿಡಿಯಲಿ, ನೀವು ಹೇಳಬೇಡಿ. ‘ಮುಟ್ಟಲೂಬಾರದು’ ಎಂಬ ಮಾತು ಸ್ತ್ರೀಯ ಬಾಯಲ್ಲಿದೆ (3:3), 2:17ರ ಆಜ್ಞೆಯಲ್ಲಿ ಇಲ್ಲ. ಅವಳು ಹಣ್ಣು ತಿಂದಾಗ ಗಂಡ ಜೊತೆಯಲ್ಲೇ ಇದ್ದ (3:6). ದೇವರು ಆದಾಮನನ್ನು ವಿಚಾರಿಸುತ್ತಾನೆ, ಹವ್ವಳನ್ನು ವಿಚಾರಿಸುತ್ತಾನೆ, ಸರ್ಪವನ್ನು ಮಾತ್ರ ಒಂದು ಪ್ರಶ್ನೆಯೂ ಕೇಳದೆ ಶಪಿಸುತ್ತಾನೆ (3:14). ಶಾಪ ಎಂಬ ಮಾತು ಬರುವುದು ಸರ್ಪಕ್ಕೆ ಮತ್ತು ಭೂಮಿಗೆ; ಗಂಡಸಿಗೂ ಹೆಂಗಸಿಗೂ ನೋವು, ದುಡಿಮೆ ಬರುತ್ತದೆಯೇ ಹೊರತು ‘ಶಪಿಸಲ್ಪಟ್ಟಿದ್ದೀರಿ’ ಎಂಬ ಮಾತು ಅವರಿಗೆ ಬರುವುದಿಲ್ಲ.

ಮೂರು: ಸರ್ಪ ಸುಳ್ಳು ಹೇಳಿತೇ ಎಂದು ಕೇಳಿ

ಎಲ್ಲರೂ ‘ಹೌದು’ ಎನ್ನುತ್ತಾರೆ. ಹಾಗಾದರೆ 3:4 ಮತ್ತು 5ನ್ನು ಬಿಡಿಸಿ ನೋಡೋಣ ಎನ್ನಿ. ಅಲ್ಲಿ ಮೂರು ಮಾತುಗಳಿವೆ. ನೀವು ಸಾಯುವುದಿಲ್ಲ. ನಿಮ್ಮ ಕಣ್ಣು ತೆರೆಯುತ್ತದೆ. ಒಳ್ಳೆಯದು ಕೆಟ್ಟದ್ದರ ಅರಿವಿನಲ್ಲಿ ದೇವರಂತೆ ಆಗುತ್ತೀರಿ. ಕಣ್ಣು ತೆರೆದವು ಎಂದು 3:7 ಹೇಳುತ್ತದೆ. ಮನುಷ್ಯನು ನಮ್ಮಲ್ಲಿ ಒಬ್ಬನಂತೆ ಆದನು ಎಂದು 3:22ರಲ್ಲಿ ದೇವರೇ ಹೇಳುತ್ತಾನೆ. ಇನ್ನು ಸಾವಿನ ಮಾತು. ತಿಂದ ದಿನವೇ ಸಾಯುವಿ ಎಂದು 2:17ರಲ್ಲಿ ಇತ್ತು. ಆದಾಮ ಬದುಕಿದ್ದು 930 ವರ್ಷ (5:5).

ಇಲ್ಲಿ ಕೂಟ ಸ್ವಲ್ಪ ಹೊತ್ತು ಗಲಿಬಿಲಿಗೊಳ್ಳುತ್ತದೆ. ಗಲಿಬಿಲಿಯನ್ನು ಕೂಡಲೇ ಸರಿಪಡಿಸಲು ಹೋಗಬೇಡಿ. ಇದೇ ಗಂಟನ್ನು ಬಿಚ್ಚಲು ಹಿಂದಿನವರು ಏನು ಮಾಡಿದರು ಎಂದು ಹೇಳಿ. ಕ್ರಿಸ್ತಪೂರ್ವ ಎರಡನೆಯ ಶತಮಾನದ ‘ಜುಬಿಲಿಗಳ ಗ್ರಂಥ’ ಎಂಬ ಯೆಹೂದಿ ಕೃತಿಯ ಲೆಕ್ಕ ನನಗೆ ಬಹಳ ಇಷ್ಟ. ದೇವರಿಗೆ ಸಾವಿರ ವರ್ಷವೇ ಒಂದು ದಿನ. ಆದಾಮ ಸಾವಿರಕ್ಕೆ 70 ವರ್ಷ ಇರುವಾಗಲೇ ತೀರಿಕೊಂಡ. ಆದ್ದರಿಂದ ಆ ‘ದಿನ’ದೊಳಗೇ ಸತ್ತಂತಾಯಿತು. ತಿಂದ ದಿನ ಸತ್ತದ್ದು ಆತ್ಮ, ದೇಹವಲ್ಲ ಎಂದರು ಬೇರೆಯವರು. ಆ ದಿನದಿಂದ ಸಾವಿಗೆ ಒಳಪಟ್ಟರು ಎಂದರು ಇನ್ನು ಕೆಲವರು. ದೇವರು ಹೇಳಿದ ಶಿಕ್ಷೆಯನ್ನು ಪೂರ್ತಿ ಕೊಡದೆ ಕರುಣೆ ತೋರಿದ ಎಂದು ಓದುವವರೂ ಇದ್ದಾರೆ. ಇಷ್ಟಾದ ಮೇಲೆ ಕೂಟಕ್ಕೆ ಒಂದು ಸಂಗತಿ ತಾನಾಗಿಯೇ ಹೊಳೆಯುತ್ತದೆ. ಮೂಲದಲ್ಲಿ ಬಿಟ್ಟ ಜಾಗವಿದ್ದ ಕಡೆಯೇ ವ್ಯಾಖ್ಯಾನ ಹುಟ್ಟುತ್ತದೆ.

ಮೊದಲ ಸಂಜೆಯನ್ನು ಇಲ್ಲಿಗೆ ಮುಗಿಸಿ. ಮನೆಗೆ ಹೋಗುವ ಮುನ್ನ ಪ್ರತಿಯೊಬ್ಬರೂ ತಮಗೆ ಉಳಿದ ಒಂದು ಪ್ರಶ್ನೆಯನ್ನು ಹಾಳೆಯ ಕೆಳಗೆ ಬರೆದು, ಆ ತುಂಡನ್ನು ಚೀಟಿಯಾಗಿ ಹರಿದು ನಿಮ್ಮ ಕೈಗೆ ಕೊಡಲಿ. ಸರ್ಪಕ್ಕೆ ಮಾತು ಹೇಗೆ ಬಂತು, ಅದಕ್ಕೆ ಇದರಿಂದ ಏನು ಲಾಭ, ದೇವರು ಅದನ್ನು ಏಕೆ ಸೃಷ್ಟಿಸಿದ, ಮೊದಲು ಕಾಲಿತ್ತೇ, ಹೆಂಗಸಿನ ಹತ್ತಿರವೇ ಏಕೆ ಹೋಯಿತು. ಸಾಮಾನ್ಯವಾಗಿ ಬರುವುದು ಇವೇ. ಎರಡನೆಯ ಸಂಜೆಗೆ ಬೇಕಾದದ್ದೂ ಇವೇ.

ನಾಲ್ಕು: ವ್ಯಾಖ್ಯಾನವನ್ನು ಅದು ಉತ್ತರಿಸುವ ಪ್ರಶ್ನೆಯ ಜೊತೆಗೇ ಹೇಳಿ

‘ಇವರು ಹೀಗೆ ಹೇಳಿದರು, ಅವರು ಹಾಗೆ ಹೇಳಿದರು’ ಎಂದು ಪಟ್ಟಿ ಒಪ್ಪಿಸಿದರೆ ಕೇಳುವವರು ಅರ್ಧ ಗಂಟೆಯಲ್ಲಿ ಆಕಳಿಸುತ್ತಾರೆ. ಚೀಟಿಯಲ್ಲಿ ಬಂದ ಪ್ರಶ್ನೆಯನ್ನು ಓದಿ, ಅದಕ್ಕೆ ಯಾರು, ಯಾವ ಕಾಲದಲ್ಲಿ, ಏನು ಉತ್ತರ ಕೊಟ್ಟರು ಎಂದು ಹೇಳಿ.

‘ಸರ್ಪಕ್ಕೆ ಮಾತು ಹೇಗೆ ಬಂತು?’ ಆಗ ಎಲ್ಲ ಪ್ರಾಣಿಗಳೂ ಮಾತನಾಡುತ್ತಿದ್ದವು, ಆದಾಮನನ್ನು ಹೊರಹಾಕಿದ ದಿನ ಅವುಗಳ ಬಾಯಿ ಕಟ್ಟಿತು ಎನ್ನುತ್ತದೆ ಅದೇ ಜುಬಿಲಿಗಳ ಗ್ರಂಥ. ಒಂದನೆಯ ಶತಮಾನದ ಕೊನೆಯಲ್ಲಿ ಬರೆದ ಯೆಹೂದಿ ಇತಿಹಾಸಕಾರ ಜೋಸೆಫಸ್‌ನದೂ ಇದೇ ಧಾಟಿ. ದಂಪತಿಗಳ ಸುಖ ಕಂಡು ಸರ್ಪಕ್ಕೆ ಹೊಟ್ಟೆಕಿಚ್ಚಾಯಿತು. ಅದಕ್ಕೇ ದೇವರು ಅದರ ಮಾತು ಕಿತ್ತುಕೊಂಡು, ನಾಲಗೆಯ ಕೆಳಗೆ ವಿಷ ಇಟ್ಟು, ಕಾಲು ತೆಗೆದ ಎಂದು ಅವನು ಬರೆಯುತ್ತಾನೆ. ಇವರಿಗೆಲ್ಲ ಸರ್ಪ ಸರ್ಪವೇ. ಅದರೊಳಗೆ ಇನ್ನೊಬ್ಬರಿಲ್ಲ.

ಹದಿನೈದನೆಯ ಶತಮಾನದ ಯೆಹೂದಿ ವಿದ್ವಾಂಸ ಅಬ್ರಬನೇಲ್‌ನ ಉತ್ತರ ಇದಕ್ಕಿಂತ ಬೇರೆ. ಸರ್ಪ ಮಾತನಾಡಲೇ ಇಲ್ಲ ಎನ್ನುತ್ತಾನೆ ಅವನು. ಅದು ಆ ಮರ ಹತ್ತಿ ಹಣ್ಣು ತಿನ್ನುವುದನ್ನು ಹವ್ವ ನೋಡಿದಳು, ತಿಂದ ಮೇಲೂ ಅದು ಸಾಯಲಿಲ್ಲ, ಉಳಿದದ್ದು ಅವಳ ಮನಸ್ಸಿನಲ್ಲಿ ನಡೆದ ವಾದ. ಮರ ಹತ್ತುವ ಹಾವನ್ನು ನೋಡಿರುವ ನಮ್ಮ ಹಳ್ಳಿಯವರಿಗೆ ಈ ಚಿತ್ರ ತಕ್ಷಣ ಕಣ್ಣಿಗೆ ಕಟ್ಟುತ್ತದೆ.

‘ಹೆಂಗಸು ಮೋಸ ಹೋದದ್ದು ಹೇಗೆ?’ ಇದಕ್ಕೆ ರಬ್ಬಿಗಳ ಮಿದ್ರಾಷ್, ಎಂದರೆ ಕಥೆ ಹೇಳಿ ಮಾಡುವ ವ್ಯಾಖ್ಯಾನ, ಕೊಡುವ ಉತ್ತರವನ್ನು ಬಿಡಬೇಡಿ. ‘ಮುಟ್ಟಲೂಬಾರದು’ ಎಂಬ ಸೇರಿಸಿದ ಮಾತನ್ನು ಅವರು ಹಿಡಿದುಕೊಂಡರು. ಹವ್ವ ಹಾಗೆಂದ ಕೂಡಲೇ ಸರ್ಪ ಅವಳನ್ನು ಮರಕ್ಕೆ ತಾಗುವಂತೆ ದೂಡಿತಂತೆ. ಮುಟ್ಟಿದಳು, ಏನೂ ಆಗಲಿಲ್ಲ. ಮುಟ್ಟಿದರೆ ಸಾವಿಲ್ಲ ಎಂದಮೇಲೆ ತಿಂದರೂ ಇಲ್ಲ ಎಂದಿತು ಸರ್ಪ. ಆಜ್ಞೆಗೆ ಬೇಲಿ ಹಾಕುತ್ತೇವೆಂದು ಇನ್ನೊಂದು ಆಜ್ಞೆ ಸೇರಿಸಿದರೆ, ಬೇಲಿ ಮುರಿದ ದಿನ ಆಜ್ಞೆಯೂ ಮುರಿಯುತ್ತದೆ ಎಂಬ ಎಚ್ಚರಿಕೆ ಇದರಲ್ಲಿದೆ. ಮಕ್ಕಳಿಗೆ ನಿಯಮದ ಮೇಲೆ ನಿಯಮ ಹೇರುವ ತಂದೆತಾಯಂದಿರು ಇಲ್ಲಿ ಮೌನವಾಗುವುದನ್ನು ನೋಡಿದ್ದೇನೆ.

ರಬ್ಬಿಗಳಲ್ಲಿ ಸರ್ಪದ ಬಗ್ಗೆ ಮರುಕವೂ ಇದೆ. ಎಂಥ ಒಳ್ಳೆಯ ಸೇವಕ ಜಗತ್ತಿಗೆ ತಪ್ಪಿಹೋದ ಎಂದು ರಬ್ಬಿಗಳ ಚರ್ಚೆಗಳ ಸಂಗ್ರಹವಾದ ತಾಲ್ಮುದಿನ ಸನ್ಹೆದ್ರಿನ್ ಭಾಗದಲ್ಲಿ ಒಬ್ಬ ರಬ್ಬಿ ಹಲುಬುತ್ತಾನೆ. ಸರ್ಪ ಶಾಪಕ್ಕೆ ಗುರಿಯಾಗದಿದ್ದರೆ ಇಸ್ರಾಯೇಲಿನ ಪ್ರತಿಯೊಬ್ಬನಿಗೂ ಎರಡೆರಡು ಒಳ್ಳೆಯ ಸರ್ಪಗಳಿರುತ್ತಿದ್ದವು. ಒಂದನ್ನು ಉತ್ತರಕ್ಕೆ, ಒಂದನ್ನು ದಕ್ಷಿಣಕ್ಕೆ ಕಳಿಸಿದರೆ ರತ್ನಗಳನ್ನು ಹೊತ್ತು ತರುತ್ತಿದ್ದವು ಎನ್ನುತ್ತಾನೆ. ನಿಧಿ ಕಾಯುವ ನಾಗರಹಾವಿನ ಕಥೆ ಕೇಳಿ ಬೆಳೆದ ನಮಗೆ ಇದು ಪರಕೀಯ ಎನಿಸುವುದಿಲ್ಲ.

ಐದು: ಸರ್ಪವೇ ಸೈತಾನ ಎಂಬ ಓದು ಎಲ್ಲಿಂದ ಬಂತು ಎಂಬುದನ್ನು ವಚನ ಸಮೇತ ತೋರಿಸಿ

ಇಲ್ಲಿ ಅವಸರ ಬೇಡ. ಹೆಚ್ಚಿನ ಕ್ರೈಸ್ತರಿಗೆ ಇದೇ ಪಾಠದ ಜೀವ. ‘ಇದು ಆದಿಕಾಂಡದಲ್ಲಿ ಇಲ್ಲ’ ಎಂದು ಹೇಳಿ ಕೈಬಿಟ್ಟರೆ ಅವರನ್ನು ನಡುನೀರಿನಲ್ಲಿ ಬಿಟ್ಟ ಹಾಗೆ.

ಹಳೆಯ ಒಡಂಬಡಿಕೆಯಲ್ಲಿ ಸೈತಾನ ಬರುವ ಜಾಗಗಳು ಬಹಳ ಕಡಿಮೆ. ಯೋಬನ ಗ್ರಂಥದ ಮೊದಲ ಎರಡು ಅಧ್ಯಾಯಗಳನ್ನು ತೆಗೆಸಿ. ಅಲ್ಲಿ ಅವನು ದೇವರ ಸನ್ನಿಧಿಗೆ ಬಂದು ಯೋಬನ ಮೇಲೆ ಸಂಶಯ ಎತ್ತುವವನು. ಜೆಕರ್ಯನ ಮೂರನೆಯ ಅಧ್ಯಾಯದಲ್ಲಿ ಮಹಾಯಾಜಕನ ಮೇಲೆ ದೂರು ಹೇಳಲು ನಿಂತವನು. ಎರಡರಲ್ಲಿಯೂ ಹಾವಿನ ಸುಳಿವಿಲ್ಲ. ಸಾವನ್ನೂ ಪಿಶಾಚಿಯನ್ನೂ ಜೋಡಿಸುವ ಹಳೆಯ ಸಾಲು ಸಿಗುವುದು ಕಥೋಲಿಕ ಬೈಬಲಿನ ಸೊಲೊಮೋನನ ಜ್ಞಾನಗ್ರಂಥದಲ್ಲಿ, 2:24ರಲ್ಲಿ. ಪಿಶಾಚಿಯ ಹೊಟ್ಟೆಕಿಚ್ಚಿನಿಂದ ಮರಣ ಲೋಕಕ್ಕೆ ಬಂತು ಎಂಬ ಅರ್ಥದ ಮಾತು ಅದು. ಕಥೋಲಿಕ ಸದಸ್ಯರೊಬ್ಬರಿಂದಲೇ ಓದಿಸಿ. ಅನಂತರ ಬೈಬಲಿನ ಕೊನೆಯ ಗ್ರಂಥವಾದ ಪ್ರಕಟನೆಯ 12:9 ಮತ್ತು 20:2. ಪುರಾತನ ಸರ್ಪವೇ ಪಿಶಾಚಿ, ಸೈತಾನ ಎಂದು ಹೊಸ ಒಡಂಬಡಿಕೆ ಅಲ್ಲಿ ನೇರವಾಗಿ ಹೆಸರಿಸುತ್ತದೆ. ಪಿಶಾಚಿಯನ್ನು ಆದಿಯಿಂದಲೂ ಕೊಲೆಗಾರ, ಸುಳ್ಳಿನ ತಂದೆ ಎನ್ನುವ ಯೋಹಾನ 8:44ನ್ನೂ ಇದರೊಂದಿಗೆ ಓದುವ ಪರಂಪರೆ ಇದೆ. ಪೌಲ 2 ಕೊರಿಂಥ 11:3ರಲ್ಲಿ ಹವ್ವಳನ್ನು ಮೋಸಗೊಳಿಸಿದ ಸರ್ಪದ ಮಾತೆತ್ತುತ್ತಾನೆ, ಆ ವಚನದಲ್ಲಿ ಸೈತಾನ ಎನ್ನುವುದಿಲ್ಲ. ರೋಮಾಪುರ 16:20ರಲ್ಲಿ ಸೈತಾನನನ್ನು ಕಾಲ ಕೆಳಗೆ ತುಳಿಸುವ ಮಾತಿದೆ.

ಕ್ರಿ.ಶ. 430ರಲ್ಲಿ ತೀರಿಕೊಂಡ ಸಂತ ಅಗಸ್ಟೀನ್ ಇದಕ್ಕೆಲ್ಲ ಒಂದು ರೂಪ ಕೊಟ್ಟ. ಬಿದ್ದುಹೋದ ದೂತನಾದ ಸೈತಾನ ತನ್ನ ಮಾತಿಗೆ ಬಾಯಾಗಿ ಸರ್ಪವನ್ನು ಆರಿಸಿಕೊಂಡ. ನುಣುಚುತ್ತ, ಸುತ್ತಿ ಬಳಸಿ ಹರಿಯುವ ಪ್ರಾಣಿ ಅವನ ಕೆಲಸಕ್ಕೆ ಹೊಂದಿತು ಎಂಬುದು ಅವನ ವಿವರಣೆ. ನಮ್ಮ ಸಭೆಗಳಲ್ಲಿ ಕೇಳಿಬರುವ ಬೋಧನೆ ಈ ದಾರಿಯದೇ.

ಕೂಟಕ್ಕೆ ಹೀಗೆ ಹೇಳಿ. ಸರ್ಪವೇ ಸೈತಾನ ಎಂಬುದು ಬೈಬಲಿನ ಹೊರಗಿನ ಕಲ್ಪನೆಯಲ್ಲ, ಬೈಬಲಿನ ಕೊನೆಯ ಗ್ರಂಥ ಮೊದಲ ಗ್ರಂಥವನ್ನು ಓದಿದ ಬಗೆ. ಅದನ್ನು ನಂಬುವ ಕ್ರೈಸ್ತನು ಪ್ರಕಟನೆಯ ಆಧಾರದಿಂದ ನಂಬುತ್ತಾನೆ. ಆದಿಕಾಂಡ ಮಾತ್ರ ಕೈಯಲ್ಲಿರುವ ಯೆಹೂದಿ ಓದುಗನಿಗೆ ಆ ಬಾಧ್ಯತೆ ಇಲ್ಲ. ಇಬ್ಬರಲ್ಲಿ ಯಾರೂ ಮೋಸ ಮಾಡುತ್ತಿಲ್ಲ. ಯೆಹೂದಿ ಪರಂಪರೆಯಲ್ಲಿಯೂ, ಎಂಟನೆಯ ಶತಮಾನದ ಸುಮಾರಿಗೆ ರೂಪುಗೊಂಡ ಒಂದು ಕೃತಿಯಲ್ಲಿ, ಸಮಾಯೇಲ್ ಎಂಬ ದೂತ ಒಂಟೆಯಂಥ ಸರ್ಪದ ಬೆನ್ನೇರಿ ಬರುವ ಕಥೆ ಇದೆ ಎಂಬುದನ್ನೂ ಸೇರಿಸಿ.

ಆರು: ಉಳಿದ ಮೂರು ಓದುಗಳಿಗೆ ಅರ್ಧ ಗಂಟೆ ಸಾಕು

ಅಲೆಕ್ಸಾಂಡ್ರಿಯದ ಫೈಲೋ ಯೇಸುವಿನ ಕಾಲದಲ್ಲೇ ಬದುಕಿದ್ದ ಯೆಹೂದಿ ತತ್ತ್ವಜ್ಞಾನಿ. ಅವನಿಗೆ ಸರ್ಪ ಎಂದರೆ ಇಂದ್ರಿಯಸುಖ. ಹೊಟ್ಟೆಯ ಮೇಲೆ ಹರಿದು ಮಣ್ಣು ತಿನ್ನುವ ಪ್ರಾಣಿ ಸುಖದ ಬೆನ್ನು ಬಿದ್ದ ಮನಸ್ಸಿಗೆ ತಕ್ಕ ಗುರುತು ಎಂದ. ಕಥೆ ನಡೆಯುವುದು ತೋಟದಲ್ಲಲ್ಲ, ನಮ್ಮೊಳಗೆ ಎಂಬ ಈ ದಾರಿಯನ್ನು ಮುಂದೆ ಅನೇಕರು ಹಿಡಿದರು. ವಚನಕಾರರನ್ನೂ ದಾಸರನ್ನೂ ಓದಿದ ಕನ್ನಡಿಗರಿಗೆ ಇದು ಸಲೀಸಾಗಿ ಅರ್ಥವಾಗುತ್ತದೆ. ಇದರ ತೊಡಕನ್ನೂ ಹೇಳಿ. ಫೈಲೋ ಗಂಡಸನ್ನು ಬುದ್ಧಿ ಎಂದೂ ಹೆಂಗಸನ್ನು ಇಂದ್ರಿಯ ಎಂದೂ ಓದಿದ. ಆ ಏರುಪೇರನ್ನು ಮೂಲದ ತಲೆಗೆ ಕಟ್ಟಬಾರದು.

ಎರಡನೆಯ ಶತಮಾನದಲ್ಲಿ, ಗುಪ್ತ ಅರಿವಿನಿಂದಲೇ ಬಿಡುಗಡೆ ಎನ್ನುತ್ತಿದ್ದ ಕೆಲವು ಜ್ಞಾನವಾದಿ ಗುಂಪುಗಳು ಕಥೆಯನ್ನು ತಲೆಕೆಳಗು ಮಾಡಿದವು. ಅರಿವನ್ನು ತಡೆದ ಸೃಷ್ಟಿಕರ್ತ ಕೀಳುದೇವರು, ಅರಿವು ಕೊಟ್ಟ ಸರ್ಪ ಗುರು ಎಂದವು. ಲಿಯೋನಿನ ಬಿಷಪ್ ಐರೇನಿಯಸ್ ಅವರನ್ನು ಖಂಡಿಸಿ ಬರೆದದ್ದರಿಂದ ಅವರ ಸುದ್ದಿ ಉಳಿದಿತ್ತು. 1945ರಲ್ಲಿ ಈಜಿಪ್ಟಿನ ನಾಗ್ ಹಮ್ಮಾದಿಯಲ್ಲಿ ಹಳೆಯ ಹಸ್ತಪ್ರತಿಗಳು ಸಿಕ್ಕ ಮೇಲೆ ಅಂಥವರ ಮಾತನ್ನು ಅವರ ಬರಹದಲ್ಲೇ ಓದುವ ಹಾಗಾಯಿತು. ನನಗೆ ಈ ಓದು ಒಪ್ಪಿಗೆಯಿಲ್ಲ. ಅಂಜೂರದ ಎಲೆ ಹೊಲಿದುಕೊಂಡು ನಿಂತವರಿಗೆ ಚರ್ಮದ ಅಂಗಿ ತೊಡಿಸುವ 3:21ರ ದೇವರನ್ನು ಅದು ಕಾಣುವುದೇ ಇಲ್ಲ. ಆದರೂ ಕೂಟದ ಯಾರಾದರೂ ಯುವಕರು ಇದನ್ನು ಮೊಬೈಲಿನಲ್ಲಿ ಓದಿಕೊಂಡೇ ಬಂದಿರುತ್ತಾರೆ. ಮುಚ್ಚಿಡುವುದರಿಂದ ಪ್ರಯೋಜನವಿಲ್ಲ.

ಇನ್ನು ಈಚಿನ ವಿದ್ವಾಂಸರು. ಜರ್ಮನಿಯ ಹರ್ಮನ್ ಗುಂಕೆಲ್‌ನಂಥವರು ಇದರಲ್ಲಿ ‘ಏಕೆ’ ಎಂದು ವಿವರಿಸುವ ಪುರಾತನ ಕಥೆಯ ಗುಣವನ್ನು ಗುರುತಿಸಿದರು. ಹಾವಿಗೆ ಕಾಲೇಕಿಲ್ಲ, ಮನುಷ್ಯನಿಗೂ ಹಾವಿಗೂ ಏಕೆ ಆಗಿಬರುವುದಿಲ್ಲ, ಹೆರಿಗೆ ಏಕೆ ನೋವು, ನೆಲ ಏಕೆ ಮುಳ್ಳು ಬೆಳೆಯುತ್ತದೆ. ಮೆಸೊಪೊಟೇಮಿಯದ ಗಿಲ್ಗಮೇಶ್ ಕಾವ್ಯದ ಹನ್ನೊಂದನೆಯ ಫಲಕದಲ್ಲಿ ನಾಯಕ ಕೊಳದಲ್ಲಿ ಮೀಯುತ್ತಿರುವಾಗ ಹಾವು ಬಂದು, ಮುದುಕರನ್ನು ಯುವಕರಾಗಿಸುವ ಗಿಡವನ್ನು ಕದ್ದು, ಪೊರೆ ಕಳಚಿ ಹೋಗುತ್ತದೆ. ಹಾವು, ಗಿಡ, ಕೈತಪ್ಪಿದ ಅಮರತ್ವ, ಈ ಮೂರೂ ಅಲ್ಲಿಯೂ ಒಟ್ಟಿಗಿವೆ. 1970ರ ದಶಕದಲ್ಲಿ ಫಿಲಿಸ್ ಟ್ರಿಬಲ್ ಎಂಬ ಅಮೆರಿಕದ ವಿದುಷಿ ಇನ್ನೊಂದನ್ನು ತೋರಿಸಿದರು. ಈ ಕಥೆಯಲ್ಲಿ ಯೋಚಿಸುವವಳು, ಉತ್ತರ ಕೊಡುವವಳು ಸ್ತ್ರೀ. ಜೊತೆಗಿದ್ದ ಗಂಡಸು ತುಟಿ ಬಿಚ್ಚದೆ ತಿನ್ನುತ್ತಾನೆ. ತಪ್ಪೆಲ್ಲ ಹವ್ವಳದು ಎನ್ನುವವರು ಸಾಮಾನ್ಯವಾಗಿ, ಮೋಸಹೋದವಳು ಸ್ತ್ರೀ ಎನ್ನುವ 1 ತಿಮೊಥೆ 2:14ನ್ನು ಹೇಳುತ್ತಾರೆ. ರೋಮಾಪುರ 5:12ರಿಂದ ಮುಂದೆ ಪಾಪವನ್ನು ಒಬ್ಬ ಮನುಷ್ಯನ, ಎಂದರೆ ಆದಾಮನ ತಲೆಗೆ ಹಾಕಿರುವುದನ್ನೂ ಅವರಿಗೆ ಓದಿಸಿ.

ಏಳು: 3:15ಕ್ಕೆ ಬಂದಾಗ

ಸ್ತ್ರೀಯ ಸಂತಾನ ಸರ್ಪದ ತಲೆಯನ್ನು ಜಜ್ಜುತ್ತದೆ, ಸರ್ಪ ಅದರ ಹಿಮ್ಮಡಿಯನ್ನು ಕಚ್ಚುತ್ತದೆ. ಐರೇನಿಯಸ್‌ನ ಕಾಲದಿಂದಲೂ ಇದನ್ನು ಕ್ರಿಸ್ತನ ಮೊದಲ ಸುವಾರ್ತೆ ಎಂದು ಓದುತ್ತಾರೆ. ಸರ್ಪದ ತಲೆ ಮೆಟ್ಟಿ ನಿಂತ ಮರಿಯಮ್ಮನ ಪ್ರತಿಮೆಯೂ ಇದೇ ವಚನದಿಂದ ಬಂದದ್ದು. ಸಭೆಯಲ್ಲಿ ಬಳಕೆಯಲ್ಲಿದ್ದ ಲತೀನ್ ಬೈಬಲಿನಲ್ಲಿ ಜಜ್ಜುವವಳು ‘ಆಕೆ’ ಎಂದಿತ್ತು. ಕೆ.ಜಿ.ಎಫ್. ಕಡೆಯ ಕಥೋಲಿಕ ಮನೆಗಳಲ್ಲಿ ಈ ಚಿತ್ರ ನೋಡಿದವರಿಗೆ ಅದರ ಹಿನ್ನೆಲೆ ತಿಳಿದರೆ ಸಂತೋಷವಾಗುತ್ತದೆ. ಪ್ರೊಟೆಸ್ಟೆಂಟ್ ಸುಧಾರಕ ಕ್ಯಾಲ್ವಿನ್ ಮರಿಯಮ್ಮನ ಓದನ್ನೂ ಒಪ್ಪಲಿಲ್ಲ, ‘ಸಂತಾನ’ ಎಂದರೆ ಕ್ರಿಸ್ತನೊಬ್ಬನೇ ಎಂಬುದನ್ನೂ ಒಪ್ಪಲಿಲ್ಲ. ಅದು ಮನುಕುಲಕ್ಕೆಲ್ಲ ಅನ್ವಯಿಸುವ ಮಾತು ಎಂದ. ಪ್ರೊಟೆಸ್ಟೆಂಟರೆಲ್ಲ ಒಂದೇ ರೀತಿ ಓದುತ್ತಾರೆ ಎಂದುಕೊಂಡವರಿಗೆ ಇದು ಹೊಸ ಸುದ್ದಿ.

ಮುಸ್ಲಿಂ ಗೆಳೆಯರಿದ್ದರೆ ಖುರಾನಿನ ಏಳನೆಯ ಅಧ್ಯಾಯದ 20ರಿಂದ 23ರವರೆಗಿನ ಭಾಗವನ್ನು ಅವರೇ ವಿವರಿಸಲಿ. ಅಲ್ಲಿ ಸರ್ಪವಿಲ್ಲ. ಶೈತಾನ ಇಬ್ಬರ ಕಿವಿಯಲ್ಲೂ ಪಿಸುಗುಟ್ಟುತ್ತಾನೆ, ಇಬ್ಬರೂ ತಿನ್ನುತ್ತಾರೆ, ಇಬ್ಬರೂ ಕ್ಷಮೆ ಬೇಡುತ್ತಾರೆ. ಅವನನ್ನು ಒಳಗೆ ಹೊತ್ತು ತಂದ ಹಾವಿನ ಕಥೆ ಮುಂದಿನ ವ್ಯಾಖ್ಯಾನಕಾರರಲ್ಲಿ, ತಬರಿಯಂಥವರಲ್ಲಿ ಸಿಗುತ್ತದೆ.

ಎಂಟು: ನಾಗರಕಲ್ಲಿನ ಪ್ರಶ್ನೆಗೆ ಸಿದ್ಧರಾಗಿರಿ

ನಾಗರಕಲ್ಲಿನ ಹಾವೂ ಸೈತಾನನೇ ಎಂಬ ಪ್ರಶ್ನೆ ನಮ್ಮ ಜಿಲ್ಲೆಗಳಲ್ಲಿ ಬಂದೇ ಬರುತ್ತದೆ. 1938ರ ಧ್ವಜ ಸತ್ಯಾಗ್ರಹದ ಗೋಲಿಬಾರಿನಿಂದ ನಾಡಿಗೆಲ್ಲ ಗೊತ್ತಿರುವ ವಿದುರಾಶ್ವತ್ಥ ನಮ್ಮ ತಾಲ್ಲೂಕಿನಲ್ಲೇ ಇದೆ. ಅಶ್ವತ್ಥಕಟ್ಟೆಯ ಸುತ್ತ ಸಾವಿರಾರು ನಾಗರಕಲ್ಲುಗಳು ಸಾಲಾಗಿ ನಿಂತಿವೆ. ಕೆಲವುಗಳಲ್ಲಿ ಎರಡು ಹಾವು ಒಂದಕ್ಕೊಂದು ಹೆಣೆದುಕೊಂಡಿವೆ, ಕೆಲವುಗಳಲ್ಲಿ ಹೆಡೆ ಬಿಚ್ಚಿದ ಒಂದೇ ನಾಗ. ಅರಿಶಿನ ಕುಂಕುಮದಡಿ ಕಲ್ಲಿನ ಗೀರುಗಳು ಮಾಸಿವೆ. ಅನೇಕ ಕಲ್ಲುಗಳ ಹಿಂದೆ ಮಕ್ಕಳಿಗಾಗಿ ಹರಕೆ ಹೊತ್ತ ಒಂದು ಮನೆ ಇದೆ. ಊರೂರಿನಲ್ಲಿ ಹುತ್ತಕ್ಕೆ ತನಿ ಎರೆದು, ಚಿಗಳಿ ತಂಬಿಟ್ಟು ಇಡುವ ನಾಗರ ಹಬ್ಬ ನಮ್ಮ ನೆರೆಮನೆಯವರದೇ.

ನಮ್ಮ ಕೂಟದಲ್ಲಿ ಒಮ್ಮೆ ಒಬ್ಬ ಹುಡುಗ, ಹಾವು ಎಲ್ಲಿದ್ದರೂ ಸೈತಾನನ ರೂಪವೇ ಎಂದು ಜೋರಾಗಿ ಹೇಳಿದ. ಮದುವೆಯಾದ ಮೇಲೆ ಸಭೆಗೆ ಸೇರಿದ ಒಬ್ಬ ಅಜ್ಜಿ ಮೂಲೆಯಲ್ಲಿ ಕುಳಿತಿದ್ದರು. “ನಮ್ಮಮ್ಮ ವಿದುರಾಶ್ವತ್ಥದಲ್ಲಿ ಕಲ್ಲು ಪ್ರತಿಷ್ಠೆ ಮಾಡಿಸಿದ ಮೇಲೆ ನಾನು ಹುಟ್ಟಿದ್ದು ಕಣಪ್ಪಾ. ಅವಳು ಕೈಮುಗಿದದ್ದು ಸೈತಾನನಿಗೇ?” ಎಂದು ಕೇಳಿದರು. ಹುಡುಗ ತಲೆ ತಗ್ಗಿಸಿದ. ನಾನು 3:1ನ್ನು ಮತ್ತೆ ಓದಿಸಿದೆ. ಸರ್ಪ ದೇವರೇ ಉಂಟುಮಾಡಿದ ಪ್ರಾಣಿ ಎಂಬಷ್ಟನ್ನೇ ಆ ವಚನ ಹೇಳುತ್ತದೆ. ಈ ಅಧ್ಯಾಯವನ್ನು ಬರೆದವರ ಮುಂದೆ ನಮ್ಮ ಅಶ್ವತ್ಥಕಟ್ಟೆ ಇರಲಿಲ್ಲ, ನಿಮ್ಮ ತಾಯಿಯ ಹರಕೆಯ ಬಗ್ಗೆ ಇದರಲ್ಲಿ ಒಂದಕ್ಷರವೂ ಇಲ್ಲ ಎಂದೆ. “ಸರಿ, ಮುಂದೆ ಓದು ಮಗನೇ” ಎಂದು ಆ ಅಜ್ಜಿಯೇ ಹುಡುಗನಿಗೆ ಹೇಳಿದರು.

ನೀವೂ ಇದೇ ಗೆರೆಯ ಮೇಲೆ ನಿಲ್ಲಿ. ಕ್ರೈಸ್ತರು ನಾಗಪೂಜೆ ಮಾಡುವುದಿಲ್ಲ, ಅದಕ್ಕೆ ಅವರಿಗೆ ತಮ್ಮದೇ ಕಾರಣಗಳಿವೆ. ಆ ಕಾರಣ ಒಂದೇ ದೇವರಿಗೆ ಆರಾಧನೆ ಎಂಬ ಆಜ್ಞೆಯಲ್ಲಿದೆ, ಏದೆನಿನ ಸರ್ಪದಲ್ಲಿ ಇಲ್ಲ. ಎರಡನ್ನೂ ಬೆರೆಸಿದರೆ ಪಾಠವೂ ಕೆಡುತ್ತದೆ, ನೆರೆಹೊರೆಯೂ ಕೆಡುತ್ತದೆ. ತಲೆ ಜಜ್ಜುವ ವಚನ ಹಾವು ಕೊಲ್ಲಲು ಪರವಾನಗಿ ಎಂದುಕೊಂಡವರೂ ಇದ್ದಾರೆ. ರಾಗಿ ಕಣಜದ ಇಲಿ ಹಿಡಿಯುವ ಕೇರೆಹಾವಿನ ಮಾತು ಅಲ್ಲಿಲ್ಲ ಎಂದು ಹೇಳಿ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯನ್ನೂ ನೆನಪಿಸಿ.

ಒಂಬತ್ತು: ಮಕ್ಕಳ ಪ್ರಶ್ನೆಗಳು

ಮಕ್ಕಳಿದ್ದರೆ ಕಾಲಿನ ಪ್ರಶ್ನೆ ಬರುತ್ತದೆ. ಹಾವುಗಳ ಪೂರ್ವಜರಿಗೆ ಕಾಲಿದ್ದವು ಎಂದು ಜೀವವಿಜ್ಞಾನ ಹೇಳುತ್ತದೆ. ಹೆಬ್ಬಾವಿನ ಹಿಂಭಾಗದಲ್ಲಿ ಇಂದಿಗೂ ಉಗುರಿನಂಥ ಎರಡು ಗುರುತುಗಳಿವೆ. ಅರ್ಜೆಂಟೀನದಲ್ಲಿ ಸಿಕ್ಕ, ಹಿಂಗಾಲುಗಳಿದ್ದ ಹಾವಿನ ಪಳೆಯುಳಿಕೆಯನ್ನು 2006ರಲ್ಲಿ ವಿವರಿಸಿದ ವಿಜ್ಞಾನಿಗಳು ಅದಕ್ಕೆ ‘ನಜಾಶ್’ ಎಂದು ಆದಿಕಾಂಡದ ಸರ್ಪದ ಹೀಬ್ರೂ ಹೆಸರನ್ನೇ ಇಟ್ಟರು. ಇದರಿಂದ ಬೈಬಲ್ ಸಾಬೀತಾಯಿತು ಎಂದು ಮಾತ್ರ ಹೇಳಬೇಡಿ. ಪಳೆಯುಳಿಕೆ ಕೋಟ್ಯಂತರ ವರ್ಷಗಳ ಲೆಕ್ಕ ಹೇಳುತ್ತದೆ, ಆದಿಕಾಂಡ ಕೇಳುವ ಪ್ರಶ್ನೆಯೇ ಬೇರೆ. ಹಾವು ಮಣ್ಣು ತಿನ್ನುತ್ತದೆಯೇ ಎಂದರೆ ಇಲ್ಲ. ನಾಲಗೆ ಚಾಚಿ ವಾಸನೆಯ ಕಣಗಳನ್ನು ಹಿಡಿಯುತ್ತದೆ. ಮಣ್ಣು ಮುಕ್ಕುವುದು ಸೋತು ನೆಲಕಚ್ಚಿದವರ ಸ್ಥಿತಿಯನ್ನು ಹೇಳುವ ಮಾತು. ಶತ್ರುಗಳು ಧೂಳು ನೆಕ್ಕುವರು ಎಂದು ಕೀರ್ತನೆ 72:9ರಲ್ಲಿಯೂ ಇದೆ. ನಮ್ಮ ಕನ್ನಡದಲ್ಲೂ ಮಣ್ಣು ಮುಕ್ಕಿಸುವುದು ಎಂದರೆ ಎಲ್ಲರಿಗೂ ಗೊತ್ತು.

ಹತ್ತು: ನಿಮ್ಮ ನಿಲುವನ್ನು ಕೊನೆಯಲ್ಲಿ, ನಿಮ್ಮದೆಂದೇ ಹೇಳಿ

‘ಅಣ್ಣ, ನೀವು ಏನು ನಂಬುತ್ತೀರಿ?’ ಎಂದು ಯಾರಾದರೂ ಕೇಳುತ್ತಾರೆ. ಜಾರಿಕೊಳ್ಳಬೇಡಿ. ನಾನು ಹೇಳುವುದು ಹೀಗೆ. ಪ್ರಕಟನೆಯ ಮಾತನ್ನು ನಾನು ನಂಬುತ್ತೇನೆ. ಆದರೆ ಆದಿಕಾಂಡವನ್ನು ಓದುವಾಗ ಸರ್ಪವನ್ನು ಅವಸರದಿಂದ ಸೈತಾನನನ್ನಾಗಿ ಮಾಡಿದರೆ, ಆ ಪ್ರಶ್ನೆ ಎಷ್ಟು ಸಾಮಾನ್ಯವಾಗಿತ್ತು, ಕೇಳಿದವನು ಎಷ್ಟು ನಮ್ಮವನಂತೆ ಕಾಣುತ್ತಿದ್ದ ಎಂಬುದು ಮರೆತುಹೋಗುತ್ತದೆ. ತೋಟದ ಎಲ್ಲ ಮರಗಳನ್ನೂ ಕೊಟ್ಟ ದೇವರನ್ನು, ಒಂದು ಮರವನ್ನು ತಡೆದವನು ಎಂದಷ್ಟೇ ನೋಡುವಂತೆ ಸರ್ಪ ಮಾಡಿತು. ನನಗೆ ಅದರ ಯುಕ್ತಿ ಇರುವುದು ಅಲ್ಲಿ. ನಿಮ್ಮ ಉತ್ತರ ಬೇರೆಯಿರಬಹುದು. ಹೇಳಿದ ಮೇಲೆ ಕೂಟದವರು ಒಪ್ಪಲೇಬೇಕೆಂದು ಕಾಯಬೇಡಿ. ಸಭಾಪಾಲಕರಿಗಾಗಲಿ ಫಾದರಿಗಾಗಲಿ ಈ ಪಾಠದ ಬಗ್ಗೆ ಮೊದಲೇ ಒಂದು ಮಾತು ತಿಳಿಸಿರುವುದು ಒಳ್ಳೆಯದು. ಭಾನುವಾರ ಯಾರೋ ಅರ್ಧ ಕೇಳಿಸಿಕೊಂಡು ಹೋಗಿ ಹೇಳುವುದಕ್ಕಿಂತ ನೀವೇ ಹೇಳಿರುವುದು ಮೇಲು.

ಏಳುವ ಮುನ್ನ ಮುಂದಿನ ವಾರದ ಓದನ್ನು ಗೊತ್ತುಮಾಡಿ. ಅರಣ್ಯಕಾಂಡ 21:4ರಿಂದ 9, 2 ಅರಸುಗಳು 18:4, ಯೋಹಾನ 3:14. ಮೋಶೆ ದೇವರ ಅಪ್ಪಣೆಯಂತೆ ತಾಮ್ರದ ಸರ್ಪ ಮಾಡಿ ಕಂಬದ ಮೇಲಿಡುತ್ತಾನೆ, ಹಾವು ಕಚ್ಚಿದವರು ಅದನ್ನು ನೋಡಿ ಬದುಕುತ್ತಾರೆ. ಜನ ಅದಕ್ಕೆ ಧೂಪ ಹಾಕತೊಡಗಿದ್ದರಿಂದ ಮುಂದೆ ಹಿಜ್ಕೀಯ ಅರಸ ಅದನ್ನು ಒಡೆದುಹಾಕುತ್ತಾನೆ. ಅದೇ ಸರ್ಪಕ್ಕೆ ಯೇಸು ತನ್ನನ್ನು ಹೋಲಿಸಿಕೊಳ್ಳುತ್ತಾನೆ. ಮೂರೂ ಭಾಗಗಳನ್ನು ಮನೆಯಲ್ಲೇ ಓದಿ, ಅದೇ ಹಾಳೆಯ ಹಿಂಬದಿಯಲ್ಲಿ ಇನ್ನೊಂದು ಗೆರೆ ಎಳೆದುಕೊಂಡು ಬರಲಿ.